ಮುಳ್ಳುಬೇಲಿಯ ಒಳಗಿನ ಹುಲ್ಲು

ಬೋಳುಗುಡ್ಡದಲ್ಲಿ ಹುಲ್ಲು ಬೆಳೆಸಬಹುದೇ ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಬೆಳೆಸಬಹುದು, ಯಾಕಾಗುವುದಿಲ್ಲ? ಕುರಿಗಳ ಬಾಯಿ ಕಟ್ಟಿದರೆ ಆಯಿತು.

ಎಂಬತ್ತರ ದಶಕದ ಕೊನೆಗೆ ನಾನು ಲಿಂಗಸುಗೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಮಸ್ಕಿ ಕಡೆಯ ನಮ್ಮೂರ ಗುಡ್ಡವನ್ನು ಉಳಿಸುವ ಯೋಜನೆಯೊಂದು ಬಂತು. ಗುಡ್ಡಕ್ಕೆ ಮುಳ್ಳುಬೇಲಿ ಹಾಕಿ ಮೂರು ವರ್ಷ ಕುರಿ ಬಿಡಬಾರದು, ಹುಲ್ಲನ್ನೂ ಕೊಯ್ಯಬಾರದು. ಮಳೆಗಾಲ ಹೇಗೋ ಹಾದಿಬದಿಯ ಹಸಿರಿನಲ್ಲಿ ಕಳೆಯಬಹುದು. ಬೇಸಿಗೆಗೆ ಸಿಂಧನೂರು ಕಡೆಯ ಭತ್ತದವರು ಕೊಯ್ಲಾದ ಗದ್ದೆಗಳನ್ನು ನಮ್ಮ ಕುರಿಗಳಿಗೆ ಬಿಟ್ಟುಕೊಡಬೇಕು. ರಾತ್ರಿ ಕುರಿ ಅಲ್ಲೇ ಮಲಗಿದರೆ ಹಿಕ್ಕೆಯ ಗೊಬ್ಬರ ಅವರಿಗೆ. ಈ ಒಪ್ಪಂದ ನಿಲ್ಲುತ್ತದೋ ಇಲ್ಲವೋ ನೋಡಿ ಬಂದು ಹೇಳುವ ಕೆಲಸ, ಕುರುಬರ ಮನೆಯ ಹುಡುಗಿ ಎಂಬ ಕಾರಣಕ್ಕೆ, ನನ್ನ ತಲೆಗೆ ಬಿತ್ತು.

ಎಲ್ಲರಿಗಿಂತ ಹೆಚ್ಚು ಆಸೆ ಇಟ್ಟುಕೊಂಡವನು ನನ್ನ ಸೋದರಮಾವ. ಅವನಿಗೆ ಹೊಲವಿರಲಿಲ್ಲ, ಇದ್ದದ್ದು ಕುರಿಹಿಂಡು ಒಂದೇ.

"ನೋಡ್ರೆಪಾ, ನನ್ನ ಸೊಸಿ ಸಾಹೇಬ ಆಗ್ಯಾಳ!" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿ, ಆಮೇಲೆ ಮೆಲ್ಲಗೆ ಹೇಳಿದ: "ನೀ ಹೂಂ ಅಂತ ಬರದುಬಿಡಬೇ. ಗುಡ್ಡ ಹಸರಾದ್ರ ಮುಂದ ಊರಾಗ ಕುರಿ ಕಾಯ್ಕೊಂಡು ಇರ್ತೀನಿ. ಮೊಣಕಾಲು ಹೋಗ್ಯಾವು, ಇನ್ನೆಷ್ಟು ತಿರುಗಲಿ?"

"ನಾ ಒಬ್ಬಾಕಿ ಹೂಂ ಅಂದ್ರ ಆತೇನು ಮಾಮ? ಗದ್ದಿಯವ್ರು ಏನಂತಾರ ಕೇಳ್ಕೊಂಡು ಬರ್ತೀನಿ, ತಡಿ."

ಬಳಗಾನೂರಿನಲ್ಲಿ ಒಬ್ಬ ಹಿರಿಯ ರೈತರು ಕೂರಿಸಿ ಚಾ ಕೊಟ್ಟರು. "ಕುರಿ ಬಂದ್ರ ನಮಗ ಗೊಬ್ಬರ. ಬ್ಯಾಡ ಅಂತೀವೇನು ಯವ್ವಾ?"

"ಎರಡನೇ ಬೆಳಿಗೆ ಕಾಲುವಿ ನೀರು ಬಿಟ್ರರೀ?"

ಅವರು ನಕ್ಕರು. "ನೀರು ಬಿಟ್ರ ನಾಟಿ ಹಚ್ಚದ ಸುಮ್ನ ಕೂಡ್ತೀವೇನು? ಆವಾಗಿನ ಮಾತು ಬ್ಯಾರೆ."

ಮುಕ್ಕುಂದದಲ್ಲೂ ಅದೇ ಮಾತು. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನಾನೂ ಆಫೀಸಿನಲ್ಲಿ ಹಾಗೇ ಹೇಳಿದೆ: ಇದು ನಿಲ್ಲುವುದಿಲ್ಲ, ಡ್ಯಾಮು ತುಂಬಿದ ವರ್ಷ ಕಾಲುವೆಗೆ ನೀರು ಬಂದು ಅವರು ಎರಡನೇ ನಾಟಿ ಹಚ್ಚುತ್ತಾರೆ, ನಮ್ಮ ಕುರಿಗಳಿಗೆ ಎಲ್ಲೂ ಜಾಗವಿಲ್ಲ. ನಮ್ಮ ಮುಖ್ಯಸ್ಥರು ಬೇಸರಪಟ್ಟುಕೊಂಡರು. ಕಾಲುವೆಯ ಆ ತುದಿಗೆ ಎರಡನೇ ಬೆಳೆಯ ನೀರು ಬಂದು ಎಷ್ಟು ವರ್ಷವಾಯಿತು, ಜನ ಒಪ್ಪಿದ ಮೇಲೆ ನಿನ್ನದೇನು ಅಪಶಕುನ ಎಂದರು.

ಗುಡಿಯ ಕಟ್ಟೆಯ ಮೇಲೆ ಸಭೆ ಸೇರಿತು. ಗದ್ದೆಯವರ ಪರವಾಗಿ ಇಬ್ಬರು ಬಂದು, ಆಗಲಿ ಎಂದು, ಚಾ ಕುಡಿದು ಬಸ್ಸು ಹತ್ತಿದರು. ಅವರು ಹೋದ ಮೇಲೆ ನಮ್ಮ ಹಿರಿಯರು ಭಂಡಾರದ ತಟ್ಟೆ ತಂದರು. ದೇವರ ಅರಿಶಿನಪುಡಿಗೆ ನಾವು ಭಂಡಾರ ಅನ್ನುತ್ತೇವೆ. ಅದನ್ನು ಕೈಯಲ್ಲಿ ಹಿಡಿದು ಆಡಿದ ಮಾತನ್ನು ನಮ್ಮಲ್ಲಿ ಯಾರೂ ಮುರಿಯುವುದಿಲ್ಲ. ಮಾಮನ ಹತ್ತಿರ ಹೋಗಿ ಕೂತೆ.

"ಅವ್ರು ಬರೇ ಬಾಯಿಮಾತು ಕೊಟ್ಟು ಹೋಗ್ಯಾರ. ನೀ ಯಾಕ ಭಂಡಾರ ಹಿಡೀತಿ? ಗದ್ದಿ ಸಿಕ್ರ ಮಾತ್ರ ಗುಡ್ಡ ಬಿಡ್ತೀವಿ ಅಂತ ಒಂದು ಮಾತು ಸೇರಿಸು."

ಮಾಮ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದ. "ದೇವರ ಮುಂದ ಚೌಕಾಸಿ ಮಾಡ್ತಾರೇನಬೇ?"

ಎದ್ದು ಹೋಗಿ, ಮೂರು ವರ್ಷ ಗುಡ್ಡ ಮುಟ್ಟುವುದಿಲ್ಲ ಎಂದು ಎಲ್ಲರಿಗಿಂತ ಮೊದಲು ಅವನೇ ಭಂಡಾರ ಹಿಡಿದ.

ಆ ವರ್ಷ ಮಳೆ ಚೆನ್ನಾಗಿ ಬಂತು. ಡ್ಯಾಮು ತುಂಬಿದ ಸುದ್ದಿ ಬಂದಾಗ ಊರಿನವರೆಲ್ಲ ಸಂತೋಷಪಟ್ಟರು, ಮಾಮನೂ ಸಂತೋಷಪಟ್ಟ. ಕೊಯ್ಲು ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಸಿಂಧನೂರು ಕಡೆ ಹೋದರೆ ಕಾಲುವೆ ತುಂಬಿ ಹರಿಯುತ್ತಿದೆ, ಗದ್ದೆಗಳಲ್ಲಿ ಆಗಲೇ ಕೆಸರು ತುಳಿಯುತ್ತಿದ್ದಾರೆ. ಬಳಗಾನೂರಿನ ಆ ಹಿರಿಯರು "ಏನ್ ಮಾಡ್ಲಪಾ" ಎಂದು ಕೈಚೆಲ್ಲಿದರಂತೆ. ಮುಂದೆ ಮುಂದೆ ನಡೆದಷ್ಟೂ ನೀರೇ. ಬದುವಿನ ಮೇಲೆ ಕೀಟನಾಶಕದ ಎಣ್ಣೆ ಬಿದ್ದ ಹುಲ್ಲು ತಿಂದು ಕೆಲವು ಕುರಿ ಸತ್ತವು. ಉಳಿದವನ್ನು ಕರೆದುಕೊಂಡು ಮಾಮ ಊರಿಗೆ ತಿರುಗಿದ.

ಸುದ್ದಿ ಕೇಳಿ ನಾನು ಊರಿಗೆ ಓಡಿದೆ. ಬೇಲಿಯ ಒಳಗೆ ಮೊಣಕಾಲೆತ್ತರ ಹುಲ್ಲು. ಹೊರಗೆ ಮಾಮನ ಕುರಿಗಳು ಮುಳ್ಳಿನ ಸಂದಿಯಲ್ಲಿ ಮೂತಿ ತೂರಿಸಿ ಅರಚುತ್ತಿದ್ದವು, ಮಾಮ ಕೋಲಿನಿಂದ ಅವನ್ನು ಹಿಂದಕ್ಕೆ ಸರಿಸುತ್ತಿದ್ದ.

"ಒಂದು ಕಡೆ ಮುಳ್ಳು ಸರಿಸು ಮಾಮ. ದೇವರಿಗೆ ತಪ್ಪುಕಾಣಿಕಿ ಕಟ್ಟೂಣು. ಕುರಿ ಸಾಯ್ಲಿ ಅಂತ ಹೇಳ್ಯಾನೇನು ದೇವ್ರು?"

"ಭಂಡಾರ ಹಿಡದೀನಿ."

"ಬೆಂಕಿ ಹಚ್ಚ ನಿನ್ನ ಭಂಡಾರಕ್ಕ!"

ಮಾಮ ಅಂಗೈಯಿಂದ ನನ್ನ ಬಾಯಿ ಮುಚ್ಚಿಬಿಟ್ಟ. ಮುಂದಿನ ಸಂತೆಗೆ ಸಿಂಧನೂರಿಗೆ ಹೋಗಿ ಹಿಂಡನ್ನೆಲ್ಲ ಕಟುಕರಿಗೆ ಮಾರಿ ಬಂದ. ಉಳಿದವರೂ ಒಬ್ಬೊಬ್ಬರಾಗಿ ಮಾರಿದರು.

ಆಮೇಲೆ ಹಸಿರಾದ ಗುಡ್ಡ ನೋಡುವವರ ಜೀಪುಗಳು ದೂರದಿಂದ ಬಂದವು. ಹುಲ್ಲಿನ ನಡುವೆ ಮಾಮನನ್ನು ನಿಲ್ಲಿಸಿ ಫೋಟೋ ತೆಗೆದರು. "ನಿಲ್ಲುವುದಿಲ್ಲ ಅಂದಿದ್ದೆಯಲ್ಲ, ಈಗೇನು ಹೇಳುತ್ತೀ?" ಎಂದು ನಮ್ಮ ಮುಖ್ಯಸ್ಥರು ನಕ್ಕರು. ಹುಲ್ಲಂತೂ ನಿಂತಿತ್ತು. ನನಗೆ ಅಳು ಬಂತು, ಜೀಪಿನ ಹಿಂದೆ ಹೋಗಿ ಅತ್ತೆ.

ಮೂರು ವರ್ಷ ತುಂಬಿದ ದಿನ ಹಿರಿಯರು ಬೇಲಿ ತೆಗೆಸಿದರು. ಒಳಗೆ ಬಿಡಲು ಊರಲ್ಲಿ ಯಾರ ಹಿಂಡೂ ಇರಲಿಲ್ಲ. ಮರುದಿನ ಮಾಮ ತಲೆಯ ಮೇಲೆ ಒಂದು ಹೊರೆ ಹುಲ್ಲು ಹೊತ್ತುಕೊಂಡು ಲಿಂಗಸುಗೂರಿನ ನನ್ನ ಬಾಡಿಗೆ ಕೋಣೆಗೆ ಬಂದ. ಬಸ್ಸಿನವರ ಹತ್ತಿರ ಬೈಸಿಕೊಂಡೇ ತಂದಿದ್ದ.

"ಇದನ್ನ ನಾ ಏನ್ ಮಾಡ್ಲಿ ಮಾಮ? ನಾ ಮೇಯ್ಲೇನು?"

ಅವನು ನಗಲಿಲ್ಲ. "ಎಷ್ಟು ಛಲೋ ಬಂದೈತಿ ನೋಡಬೇ. ಮುಟ್ಟಿ ನೋಡು," ಎಂದು ಹೊರೆ ಬಿಚ್ಚಿದ.

ಪಕ್ಕದ ಮನೆಯ ಎಮ್ಮೆ ಬಂದು ಬಾಯಿ ಹಾಕಿತು. ನಾನು ಓಡಿಸಲು ಹೋದೆ. "ತಿನ್ಲಿ ಬಿಡು," ಎಂದ ಮಾಮ. ಅದು ತಿಂದು ಮುಗಿಸುವವರೆಗೆ ಅಲ್ಲೇ ನಿಂತಿದ್ದು, ನೆಲಕ್ಕೆ ಉದುರಿದ್ದನ್ನು ಬಗ್ಗಿ ಆರಿಸಿ ಅದರ ಬಾಯಿಗೆ ಕೊಟ್ಟ.