ತೂಬಗೆರೆ ಚಿಕ್ಕಬೀರಪ್ಪನ ಆರು ಫೌಲು

ಚಿಕ್ಕಬೀರಪ್ಪನ ಮಾತು ಬಂದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ಉರಿ ಅವನ ಮೇಲಲ್ಲ. ಅವನು ಒಬ್ಬರ ಮನೆ ಬೇಲಿ ಮುರಿದವನಲ್ಲ, ಒಬ್ಬರಿಗೆ ಗಟ್ಟಿಯಾಗಿ ಮಾತಾಡಿದವನಲ್ಲ.

ಯುದ್ಧ ಶುರುವಾದ ವರ್ಷ ನಾನು ತೂಬಗೆರೆ ಸ್ಕೂಲಿಗೆ ಮೇಷ್ಟ್ರಾಗಿ ಬಂದೆ. ಸ್ಕೂಲಿನ ಮುಂದೆ ಅರಳೀಕಟ್ಟೆ, ಕಟ್ಟೆಯ ಪಕ್ಕದಲ್ಲಿ ತೆಂಗಿನಕಾಯಿ ಗಾತ್ರದ ಒಂದು ಗುಂಡುಕಲ್ಲು. ಸಂಜೆ ಹೊಲದಿಂದ ಬಂದ ಗಂಡಸರು ಅದನ್ನು ಎಸೆಯುತ್ತಿದ್ದರು. ಅಲ್ಲಿ ಇದ್ದದ್ದು ಒಂದೇ ಕಟ್ಟಳೆ: ಎಸೆದವನೇ ನಡೆದು ಹೋಗಿ ಕಲ್ಲನ್ನು ಎತ್ತಿಕೊಂಡು ಬಂದು ಮುಂದಿನವನ ಕಾಲ ಬಳಿ ಇಡಬೇಕು. ಬೇರೆಯವರು ಎತ್ತಿಕೊಟ್ಟರೆ ಎಸೆದವನಿಗೆ ಉಸಿರು ಮುಗಿಯಿತು ಎಂದರ್ಥ. ಚಿಕ್ಕಬೀರಪ್ಪ ಎಸೆದರೆ ಕಲ್ಲು ಮಿಕ್ಕವರಿಗಿಂತ ಎರಡು ಮಾರು ಆಚೆ ಬೀಳುತ್ತಿತ್ತು. ಅವನು ನಿಧಾನವಾಗಿ ಹೋಗಿ, ಮಗುವನ್ನು ಎತ್ತಿಕೊಂಡಂತೆ ಅದನ್ನು ಎತ್ತಿಕೊಂಡು ಬರುತ್ತಿದ್ದ.

ಇದನ್ನು ನೋಡಿ ಸುಮ್ಮನಿರಲಾಗದೆ ನಲವತ್ತಮೂರರಲ್ಲಿ ದೊಡ್ಡಬಳ್ಳಾಪುರದ ಆಟೋಟದ ಗುಂಡು ಎಸೆತಕ್ಕೆ ಅವನ ಹೆಸರು ಬರೆಸಿದವನು ನಾನೇ. ಗೆದ್ದವರನ್ನು ಬೆಂಗಳೂರಿಗೆ ಕಳಿಸುತ್ತಾರೆಂದು ಹೇಳಿದ್ದರು. ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸನ್ನು ನಂಬಿದರೆ ಮಧ್ಯಾಹ್ನವಾದೀತೆಂದು ಬೆಳಗಿನ ಜಾವವೇ ನಡೆದು ಹೊರಟೆವು. ಅವನ ಹೆಂಡತಿ ಕದಿರಮ್ಮ ಮುದ್ದೆ ಕಟ್ಟಿಕೊಂಡು ಜೊತೆಗೇ ಬಂದಳು.

ಮೈದಾನದಲ್ಲಿ ಸುಣ್ಣದಲ್ಲಿ ಒಂದು ವೃತ್ತ ಬರೆದಿದ್ದರು. ಅದರ ಪಕ್ಕದಲ್ಲಿ ಟೋಪಿ ಹಾಕಿದ ಒಬ್ಬ ಅಧಿಕಾರಿ, ಕೈಯಲ್ಲಿ ಕೆಂಪು ಬಾವುಟ, ಬಿಳಿ ಬಾವುಟ. ದೂರದಲ್ಲಿ ಗುಂಡು ಎತ್ತಿಕೊಡಲು ಒಬ್ಬ ವಯಸ್ಸಾದ ಜವಾನ. ಒಬ್ಬೊಬ್ಬರಿಗೂ ಮೂರು ಎಸೆತ. ಚಿಕ್ಕಬೀರಪ್ಪ ಮೊದಲ ಸಲ ಎಸೆದಾಗಲೇ ಜನ ಹೋ ಎಂದರು. ಕಬ್ಬಿಣದ ಗುಂಡು ಎಲ್ಲರ ಗುರುತೂ ದಾಟಿ ಬಿದ್ದಿತ್ತು. ಅಧಿಕಾರಿ ಕೆಂಪು ಬಾವುಟ ಎತ್ತಿದ.

"ಫೌಲ್!"

ಯಾಕೆ ಎಂದು ಹೇಳಲಿಲ್ಲ. ಎರಡನೆಯದೂ ಫೌಲ್. ಕಾಲು ಗೆರೆಗೆ ತಾಗಿರಬೇಕೆಂದು ನಾವೇ ಅಂದುಕೊಂಡೆವು. ಮೂರನೆಯ ಸಲ ಚಿಕ್ಕಬೀರಪ್ಪ ಗೆರೆಯಿಂದ ಒಂದು ಗೇಣು ಹಿಂದೆಯೇ ಕಾಲು ನಿಲ್ಲಿಸಿ ಎಸೆದ. ಆದರೂ ಕೆಂಪು ಬಾವುಟ. ಅಲ್ಲಿಗೆ ನನ್ನ ತಾಳ್ಮೆ ಹೋಯಿತು. ಜನರನ್ನು ನೂಕಿಕೊಂಡು ಅಧಿಕಾರಿಯ ಮುಂದೆ ನಿಂತೆ.

"ಸ್ವಾಮಿ, ಎಸೆಯೋವಾಗ ಅವ್ನ ಕಾಲು ಗೆರೆ ಮುಟ್ಟಲೇ ಇಲ್ಲ!"

ಅಧಿಕಾರಿ ಅಳಿಸಿಹೋದ ಸುಣ್ಣದ ಕಡೆ ಬೆರಳು ತೋರಿಸಿದ.

"ಅದು ಆಮೇಲೆ ಆಗಿದ್ದು ಸ್ವಾಮಿ! ಗುಂಡು ಬಿದ್ದ ಮೇಲೆ ಅವ್ನು ಮುಂದಕ್ಕೆ ನಡ್ಕೊಂಡು ಹೋದ್ನಲ್ಲ, ಆಗ ತುಳಿದಿದ್ದು!"

"ಅದನ್ನೇ ನಾನೂ ಹೇಳ್ತಿರೋದು," ಎಂದು ಆತ ಪಕ್ಕಕ್ಕೆ ತಿರುಗಿ ಮುಂದಿನವನ ಹೆಸರು ಕೂಗಿದ.

ನನ್ನನ್ನು ಅಣಕಿಸಿದ ಎಂದೇ ತಿಳಿದೆ. ಬಾಯಿಗೆ ಬಂದಂತೆ ಬೈದೆ. ಇಬ್ಬರು ಬಂದು ನನ್ನ ರಟ್ಟೆ ಹಿಡಿದು ಹೊರಗೆ ಹಾಕಿದರು.

ಫೌಲಾದ ಎಸೆತವನ್ನು ಅಳೆಯುವುದಿಲ್ಲ. ಕರಿಹಲಗೆಯಲ್ಲಿ ಎಲ್ಲರ ಹೆಸರಿನ ಮುಂದೆ ಅಡಿ, ಅಂಗುಲ ಬರೆದರು. ಚಿಕ್ಕಬೀರಪ್ಪನ ಹೆಸರಿನ ಮುಂದೆ ಸೊನ್ನೆ. ಅವನಿಗೆ ಓದು ಬಾರದು, ಆದರೆ ಸೊನ್ನೆ ಗೊತ್ತಾಗುತ್ತಿತ್ತು. ಊರಿಗೆ ಬರುವಷ್ಟರಲ್ಲಿ ಸುದ್ದಿ ನಮಗಿಂತ ಮುಂಚೆ ಬಂದಿತ್ತು. ಕಟ್ಟೆಯ ಮೇಲೆ ಕೂತಿದ್ದ ಪಿಳ್ಳಣ್ಣ, "ಏನ್ಲಾ ಸೊನ್ನೆ ಬೀರಾ, ಬಂದ್ಬಿಟ್ಯಾ?" ಎಂದ. ಆ ಹೆಸರು ಅಂಟಿಕೊಂಡಿತು. ಮಕ್ಕಳೂ ಹಾಗೇ ಕರೆಯತೊಡಗಿದರು. ಇಬ್ಬರು ಮಕ್ಕಳಿಗೆ ನಾನು ಬೆತ್ತದ ರುಚಿ ತೋರಿಸಿದೆ, ಪ್ರಯೋಜನವಾಗಲಿಲ್ಲ.

"ಮೇಷ್ಟ್ರೇ, ಬೆಂಗ್ಳೂರು ಬ್ಯಾಡ," ಎಂದ ಚಿಕ್ಕಬೀರಪ್ಪ. "ಒಂದ್ಸಲ ಅಳೀಲಿ. ಎಷ್ಟೋ ಒಂದು ಬರೀಲಿ. ಈ ಸೊನ್ನೆ ಹೋದ್ರೆ ಸಾಕು."

ಒಂದು ವರ್ಷ ಅವನು ಕಣದಲ್ಲಿ ವೃತ್ತ ಬರೆದುಕೊಂಡು ಎಸೆದ. ಕದಿರಮ್ಮ ಗೆರೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವನ ಕಾಲ್ಬೆರಳು ಕಾಯುತ್ತಿದ್ದಳು. "ಬೆರಳು ಬಂತು!" ಎಂದರೆ ಮತ್ತೆ ಎಸೆಯಬೇಕು. ರಾಗಿ ಕೊಯ್ಲಿನ ಕಾಲದಲ್ಲೂ ತಪ್ಪಿಸಲಿಲ್ಲ. ಕೊನೆಗೆ ಅವನ ಕಾಲು ಗೆರೆಯಿಂದ ಒಂದು ಗೇಣು ಹಿಂದೆ ಗೂಟ ಹೊಡೆದಂತೆ ನಿಲ್ಲುತ್ತಿತ್ತು.

ನಲವತ್ತನಾಲ್ಕರಲ್ಲಿ ಮತ್ತೆ ಹೋದೆವು. ಅದೇ ಮೈದಾನ, ಅದೇ ಅಧಿಕಾರಿ. ಮೂರು ಎಸೆತ, ಮೂರೂ ಫೌಲ್. ಈ ಸಲ ನಾನು ಮಾತೇ ಆಡಲಿಲ್ಲ. ಆ ಮನುಷ್ಯನಿಗೆ ನಮ್ಮ ಮೇಲೆ ಹಗೆ, ಇನ್ನು ಕೇಳಿ ಏನು ಫಲ ಎಂದುಕೊಂಡೆ. ಚಿಕ್ಕಬೀರಪ್ಪ ಕರಿಹಲಗೆಯನ್ನು ಒಂದು ಸಲ ನೋಡಿ, ಪಂಚೆ ಕೊಡವಿಕೊಂಡು ಊರಿನ ದಾರಿ ಹಿಡಿದ. ಆಮೇಲೆ ಕಟ್ಟೆಯ ಹತ್ತಿರವೂ ಅವನು ಕಲ್ಲು ಮುಟ್ಟಲಿಲ್ಲ.

ನಲವತ್ತೆಂಟರಲ್ಲಿ ನನ್ನನ್ನು ತರಬೇತಿಗೆಂದು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಆಟದ ನಿಯಮಗಳ ಒಂದು ಸಣ್ಣ ಪುಸ್ತಕ ಕೊಟ್ಟರು. ಗುಂಡು ಎಸೆತದ ಪುಟದಲ್ಲಿ ಒಂದು ಸಾಲು: ಗುಂಡು ನೆಲಕ್ಕೆ ಬಿದ್ದ ಮೇಲೆ ಆಟಗಾರ ವೃತ್ತದ ಹಿಂಭಾಗದಿಂದಲೇ ಹೊರಗೆ ಹೋಗಬೇಕು, ಮುಂಭಾಗದಿಂದ ಹೋದರೆ ಎಸೆತ ಲೆಕ್ಕಕ್ಕಿಲ್ಲ. ಅದನ್ನು ನಾಲ್ಕು ಸಲ ಓದಿದೆ. ಅವತ್ತು ಅವನ ಪರವಾಗಿ ವಾದ ಮಾಡುತ್ತೇನೆಂದು ಹೋಗಿ, ಅವನ ತಪ್ಪನ್ನೇ ನಾನು ಮೈದಾನದ ತುಂಬ ಕೂಗಿ ಹೇಳಿದ್ದೆ.

ಊರಿಗೆ ಬಂದವನು ನೇರವಾಗಿ ಅವನ ಮನೆಗೆ ಹೋದೆ. ಜಗುಲಿಯಲ್ಲಿ ಕಂಬಳಿಗೆ ಹೊಲಿಗೆ ಹಾಕುತ್ತಿದ್ದ. ಎಲ್ಲವನ್ನೂ ಹೇಳಿದೆ. ಅವನು ಸೂಜಿ ಕೆಳಗಿಟ್ಟ.

"ಹಿಂದಕ್ಕೆ ಹೋಗ್ಬೇಕಿತ್ತಾ? ಮತ್ತೆ ಗುಂಡು ಯಾರು ತರ್ಬೇಕಿತ್ತು ಮೇಷ್ಟ್ರೇ?"

"ಅದಕ್ಕೇ ಕಣಪ್ಪ ಅಲ್ಲಿ ಜವಾನನ್ನ ನಿಲ್ಲಿಸಿದ್ರು."

"ಆ ಮುದುಕಪ್ಪನ್ನಾ?" ಎಂದ ಚಿಕ್ಕಬೀರಪ್ಪ. "ಆವಯ್ಯ ಬಗ್ಗೋಕ್ ಬಂದಾಗೆಲ್ಲ, 'ನೀನ್ ಬಿಡಣ್ಣ, ನಾನೇ ತತ್ತೀನಿ' ಅಂತ ನಾನೇ ಹೋಗ್ತಿದ್ನಲ್ಲ..."

ಒಳಗಿನಿಂದ ಕದಿರಮ್ಮ ಬಂದು ಬಾಗಿಲಲ್ಲಿ ನಿಂತಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಒಂದ್ ವರ್ಸ ನಾನು ಇವ್ರ ಕಾಲ್ಬೆರಳು ಕಾದೆ ಮೇಷ್ಟ್ರೇ," ಎಂದಳು. "ಅಕ್ಸರ ಬಾರ್ದಿರೋ ನಾವು ಇನ್ನೇನ್ ಮಾಡಾಕಾಯ್ತದೆ? ನೀವು ಓದ್ದೋರು. ಆ ಟೋಪಿ ಹಾಕಿದ್ದ ಅಯ್ಯನ್ನ ಬಯ್ಯೋ ಬದ್ಲು, ಯಾಕ್ ಸ್ವಾಮಿ ಅಂತ ಒಂದ್ ಮಾತು ಕೇಳ್ಬಾರ್ದಿತ್ತಾ?"

ಐದು ವರ್ಷ ಆ ಅಧಿಕಾರಿಯನ್ನು ಬೈದ ಬಾಯಿ ನನ್ನದು. ಯಾಕೆ ಎಂದು ಅದು ಒಂದು ಸಲವೂ ಕೇಳಿರಲಿಲ್ಲ.