ಗೋದಲಿಯಲ್ಲಿ ಗುಂಡುಕಲ್ಲು

ನಲ್ಲಿ ನಿಲ್ಲುವ ಮೊದಲು ನೀರು ಹಿಡಿದೆ. ಸೀಮೆಎಣ್ಣೆ ಸ್ಟೌವಿನ ಬತ್ತಿ ಕತ್ತರಿಸಿದೆ. ಹುರುಳಿಕಾಳು ಬೇಯಲು ಇಟ್ಟೆ. ಯಜಮಾನರಿಗೆ ಫ್ಯಾಕ್ಟರಿಗೆ ಡಬ್ಬಿ ಕಟ್ಟಿದೆ. ತಂಗಿಯ ಕಾಲಿಗೆ ಎಣ್ಣೆ ಹಚ್ಚಿದೆ. ಊತ ಹಿಂದಿನ ದಿನಕ್ಕಿಂತ ಹೆಚ್ಚಾಗಿತ್ತು. ಆಮೇಲೆ ನಡುಮನೆಯ ಬಾಗಿಲ ಪಕ್ಕ ಮೊಳೆ ಹೊಡೆದು, ನಾನೂ ಅವಳೂ ಸೇರಿ ಹೊಲಿದ ಬಟ್ಟೆಯ ಕ್ಯಾಲೆಂಡರನ್ನು ತೂಗುಹಾಕಿದೆ.

ಎಪ್ಪತ್ತರ ದಶಕದ ನಡುವಿನ ಒಂದು ನವೆಂಬರ್ ಕೊನೆ. ರಾಜಾಜಿನಗರದ ಬಾಡಿಗೆ ಮನೆ. ಚರ್ಚಿನ ಹೆಂಗಸರ ಕೂಟದಲ್ಲಿ ಯಾರೋ ಹೊರದೇಶದ ಒಂದು ಚಿತ್ರ ತೋರಿಸಿದ್ದರು: ದೊಡ್ಡ ಬಟ್ಟೆಯ ಮೇಲೆ ಡಿಸೆಂಬರಿನ ದಿನಕ್ಕೊಂದು ಜೇಬು, ಜೇಬಿಗೊಂದು ಬೈಬಲ್ ಕತೆಯ ಗೊಂಬೆ. ದಿನಾ ಒಂದೊಂದು ತೆಗೆದು ಮೇಲೆ ಸಿಕ್ಕಿಸುತ್ತಾ ಹೋದರೆ, ಕ್ರಿಸ್ಮಸ್ ದಿನ ಕೊನೆಯ ಜೇಬಿನ ಮಗು ಗೋದಲಿ, ಅಂದರೆ ದನದ ಮೇವಿನ ತೊಟ್ಟಿ, ಸೇರುತ್ತದೆ. ಬಣ್ಣದ ಫೆಲ್ಟ್, ಒತ್ತಿದ ಉಣ್ಣೆಯ ದಪ್ಪ ಬಟ್ಟೆ, ಚಿಕ್ಕಪೇಟೆಯಿಂದ ತಂದೆ. ಬೂದು ಬಣ್ಣದ್ದು ಯಜಮಾನರ ಫ್ಯಾಕ್ಟರಿಯ ಪಾಲಿಶ್ ಚಕ್ರಕ್ಕೆ ಕತ್ತರಿಸಿ ಉಳಿದ ಚೂರು. ಎಷ್ಟು ಬಿಸಿಲಿಗೆ ಹಾಕಿದರೂ ಗ್ರೀಸಿನ ವಾಸನೆ ಬಿಡಲಿಲ್ಲ. ನೋಹನ ಪ್ರಳಯ, ಯೋನನ ಮೀನು, ಗೋದಲಿ ಎಲ್ಲಾ ಅದರಲ್ಲೇ ಆದವು. ಫೆಲ್ಟಿನ ಅಂಚು ಎಳೆ ಬಿಡುವುದಿಲ್ಲ, ಮಡಿಸುವ ಕೆಲಸವಿಲ್ಲ. ಕತ್ತರಿಸಿ ಕಾಜಾ ಹೊಲಿಗೆ ಹಾಕಿದರೆ ಮುಗಿಯಿತು.

ತಂಗಿಗೆ ಎಂಟು ತಿಂಗಳು ತುಂಬುತ್ತಿತ್ತು. ಹೆರಿಗೆಗೆಂದು ನಮ್ಮಲ್ಲಿಗೆ ಬಂದಿದ್ದಳು, ನೋಡಿಕೊಳ್ಳಲು ಅಮ್ಮನೂ ಜೊತೆಗೆ. ಹಿಂದಿನ ವರ್ಷದ ಕೂಸು ಏಳನೇ ತಿಂಗಳಿಗೇ ಬಂದು ಉಳಿದಿರಲಿಲ್ಲ. ಈ ಸಲ ಜನವರಿಯ ತನಕ ನಿಂತರೆ ಸಾಕು ಎಂಬುದೊಂದೇ ಮನೆಯವರೆಲ್ಲರ ಪ್ರಾರ್ಥನೆ. ಹೊಳೆಗೆ ಬಿಟ್ಟ ಕೂಸು ಮೋಶೆಯ ಬುಟ್ಟಿಯೊಳಗೆ ನೀರು ನುಗ್ಗಬಾರದೆಂದು ಅವಳು ಅದಕ್ಕೆ ಎರಡೆಳೆ ದಾರ ಹಾಕಿದ್ದಳು. ಅಪ್ಪ ಬಲಿಗೆಂದು ಮಗ ಇಸಾಕನ ಮೇಲೆ ಎತ್ತಿದ ಕತ್ತಿಯನ್ನು ಮುಟ್ಟಲೇ ಇಲ್ಲ. ಅದನ್ನು ನಾನು ಹೊಲಿದೆ.

ಚಿತ್ರದಲ್ಲಿ ಗೋದಲಿಗೆ ಮರದ ಕಾಲುಗಳಿದ್ದವು. ನಾನು ಹೊಲಿಯುವಾಗ ಅದು ನನ್ನ ಕೈಯಲ್ಲಿ ತೊಟ್ಟಿಲಾಯಿತು. ನಮ್ಮ ಮನೆಗಳಲ್ಲಿ ಕೂಸು ಮಲಗುವುದು ತೂಗುವುದರಲ್ಲೇ. ಕ್ಯಾಲೆಂಡರಿನ ಮೇಲುಭಾಗದಲ್ಲಿ ನಾಲ್ಕು ದಾರದಲ್ಲಿ ನೇತುಹಾಕಿದ್ದೆ. ಬಾಗಿಲು ತೆರೆದಾಗಲೆಲ್ಲ ಅದು ಮೆಲ್ಲಗೆ ಆಡುತ್ತಿತ್ತು.

ಎದುರು ಮನೆಯ ಅಜ್ಜಿ ಹೆಪ್ಪು ಕೇಳಲು ಬಂದವರು ಅಲ್ಲೇ ನಿಂತರು.

"ಏನು ಚೆನ್ನಾಗಿ ಮಾಡಿದೀಯೇ! ಅದು ತೊಟ್ಲಲ್ವಾ? ಮಗು ಎಲ್ಲಿ?"

"ಕ್ರಿಸ್ಮಸ್ ದಿನ ಇಡೋದು ಅಜ್ಜಿ."

"ಅಲ್ಲೀತನಕ ಖಾಲಿನಾ? ತುಂಬಿದ ಬಸುರಿ ಇರೋ ಮನೇಲಿ ಯಾರಾದ್ರೂ ಖಾಲಿ ತೊಟ್ಲು ತೂಗ್ತಾರೇನೇ?"

ಶಕುನ ಎಂದರೆ ನಗುತ್ತಿದ್ದ ಅಮ್ಮ ಅವತ್ತು ನಗಲಿಲ್ಲ. ಎದ್ದು ಹೋಗಿ ಗಾಳಿ ಬಾರದ ಹಾಗೆ ಬಾಗಿಲು ಮುಂದೆ ಮಾಡಿದಳು. ಅಜ್ಜಿ ಹೋದ ಮೇಲೆ ಫೆಲ್ಟಿನ ಮಗುವನ್ನು ಜೇಬಿನಿಂದ ತೆಗೆದು ಗೋದಲಿಯಲ್ಲಿಟ್ಟಳು.

"ಅಮ್ಮಾ, ತೆಗಿ ಅದನ್ನ." ತಂಗಿಯ ಧ್ವನಿ ಕೀರಲಾಗಿತ್ತು. "ಇನ್ನೂ ಡಿಸೆಂಬರೇ ಬಂದಿಲ್ಲ. ಇದೂ ಮುಂಚೇನೇ ಬಂದ್ಬಿಡ್ಬೇಕಾ?"

ಅಮ್ಮ ಬೆಂಕಿ ಮುಟ್ಟಿದವಳಂತೆ ಮಗುವನ್ನು ಮತ್ತೆ ಜೇಬಿಗೆ ಹಾಕಿದಳು. ಎದುರು ಮನೆಗೆ ಹೋಗಿ, ಸೆರಗಿನಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ, ನುಣುಪಾದ ಕಲ್ಲು ತಂದಳು. ನಮ್ಮ ಬೀದಿಯಲ್ಲಿ ನಾಮಕರಣದ ದಿನ ಕೂಸಿಗಿಂತ ಮೊದಲು ತೊಟ್ಟಿಲಿಗೆ ಗುಂಡುಕಲ್ಲು ಹಾಕುತ್ತಿದ್ದರು.

"ಹೀಗಾದ್ರೆ ಖಾಲಿನೂ ಅಲ್ಲ, ಮಗುನೂ ಅಲ್ಲ," ಎಂದು ಅದನ್ನು ಗೋದಲಿಯಲ್ಲಿಟ್ಟಳು.

"ಪಾದ್ರಿಗಳು ನೋಡಿದ್ರೆ ಏನಂತಾರಮ್ಮ?" ಎಂದೆ.

"ಪಾದ್ರಿಗಳೇನು ಬಸುರಿನಾ? ಸುಮ್ನಿರೇ."

ನಾನು ನಕ್ಕೆ. ತಂಗಿ ಮಾತ್ರ ಕಲ್ಲಿನ ಭಾರಕ್ಕೆ ಜೋತುಬಿದ್ದ ಬೂದು ಬಟ್ಟೆಯನ್ನೇ ನೋಡುತ್ತಿದ್ದಳು. "ಮಗು ಜಾಗದಲ್ಲಿ ಕಲ್ಲು," ಎಂದು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಊಟಕ್ಕೆ ಕರೆದರೆ ಏಳಲಿಲ್ಲ. ಸಂಜೆಯ ಕಾಫಿ ಲೋಟದಲ್ಲೇ ಕೆನೆಗಟ್ಟಿತು.

ದೀಪ ಹಾಕುವ ಹೊತ್ತಿಗೆ ದಾರವೊಂದು ಕಿತ್ತು, ಕಲ್ಲು ಕೆಂಪು ನೆಲದ ಮೇಲೆ ಧಡ್ ಎಂದು ಬಿತ್ತು. ಅಮ್ಮ ಅಡುಗೆಮನೆಯಿಂದ ಓಡಿ ಬಂದಳು. ತಂಗಿ ಎದ್ದು ಕುಳಿತಿದ್ದಳು, ಎರಡೂ ಕೈ ಹೊಟ್ಟೆಯ ಮೇಲೆ.

"ಅಕ್ಕಾ, ಅಷ್ಟು ಜೋರಾಗಿ ಬಿತ್ತಲ್ಲ, ಇದು ಬೆಚ್ಚಲೇ ಇಲ್ಲ. ಬೆಳಿಗ್ಗೆ ನೀನು ಎಣ್ಣೆ ಹಚ್ಚುವಾಗ ಒದ್ದಿದ್ದೇ ಕಡೆ."

ಅವಳನ್ನು ಮಧ್ಯೆ ಬಿಟ್ಟುಕೊಂಡು ಮುಖ್ಯರಸ್ತೆಯ ನರ್ಸಿಂಗ್ ಹೋಮಿಗೆ ನಡೆದೆವು. ಅಲ್ಲಿಯ ನರ್ಸಮ್ಮ ಮರದ ಕೊಳವೆಯನ್ನು ಹೊಟ್ಟೆಗೆ ಒತ್ತಿ ಕಿವಿಯಿಟ್ಟರು. ಜಾಗ ಬದಲಿಸಿದರು. ಮತ್ತೆ ಬದಲಿಸಿದರು. ಅಮ್ಮನ ತುಟಿ ಅಲ್ಲಾಡುತ್ತಿತ್ತು, ಆದರೆ ಅದು ಯಾವ ಪ್ರಾರ್ಥನೆಯೋ ನನಗೆ ಕೇಳಿಸಲಿಲ್ಲ. ಕೊಳವೆ ಪಕ್ಕೆಯ ಹತ್ತಿರ ಬಂದು ನಿಂತಿತು.

"ಇದೆ. ಬಡಿತ ಸ್ವಲ್ಪ ನಿಧಾನ. ಏನಮ್ಮಾ, ಊಟ ಮಾಡಿದೀಯಾ?"

"ಬೆಳಿಗ್ಗೆಯಿಂದ ಇಲ್ಲ."

"ನೀನು ಉಪವಾಸ ಇದ್ರೆ ಅದೆಲ್ಲಿಂದ ಒದೆಯುತ್ತೆ? ಹೋಗಿ ಹೊಟ್ಟೆ ತುಂಬಾ ಉಣ್ಣು, ಎಡಕ್ಕೆ ತಿರುಗಿ ಮಲ್ಕೋ. ಆಮೇಲೂ ಅಲ್ಲಾಡದಿದ್ರೆ ಬೆಳಗಾಗೋದು ಕಾಯ್ಬೇಡಿ, ಕರ್ಕೊಂಡ್ ಬನ್ನಿ."

ಮನೆಗೆ ಬಂದು ಬಿಸಿ ಅನ್ನ, ಹುರುಳಿಕಾಳಿನ ಸಾರು, ಸುಟ್ಟ ಹಪ್ಪಳ ಬಡಿಸಿದೆ. ಅಮ್ಮ ಬೆಲ್ಲ ಹಾಕಿ ಹಾಲು ಕಾಯಿಸಿದಳು. ತಂಗಿ ಎರಡು ಸಲ ಹಾಕಿಸಿಕೊಂಡು ಉಂಡಳು, ನಾವು ಅವಳ ಬಾಯನ್ನಲ್ಲ, ಹೊಟ್ಟೆಯನ್ನು ನೋಡುತ್ತಾ ಉಂಡೆವು. ಹಾಲು ಕುಡಿದು ಲೋಟ ಕೆಳಗಿಡುವಾಗ ಒಂದು ಸಲ ಹೊಟ್ಟೆಯ ಮೇಲಿನ ಸೆರಗು ಅಲ್ಲಾಡಿತು. "ಹೂಂ," ಎಂದಳು, ಅಷ್ಟೆ. ಎಡಕ್ಕೆ ತಿರುಗಿ ಮಲಗಿದ ಅವಳೇ ಮೊದಲು ನಿದ್ದೆ ಹೋದಳು. ಇನ್ನೊಂದು ಒದೆತಕ್ಕಾಗಿ ಅಮ್ಮ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಕುಳಿತೇ ಇದ್ದಳು.