ಫುಲ್‌ಶೀರ್‌ಗೆ ಒಯ್ದ ದೊಡ್ಡ ಪಾತ್ರೆ

ಅಕ್ಟೋಬರಿನ ಒಂದು ಗುರುವಾರ ಬೆಳಿಗ್ಗೆ ಕಾರಿನ ಹಿಂದಿನ ಸೀಟು ಮಡಚಿ ಜಾಗ ಮಾಡಿಕೊಂಡು ಡಾಲಸ್ ಪಕ್ಕದ ಲೂಯಿಸ್‌ವಿಲ್‌ನಿಂದ ಹೊರಟೆ. ಆಸ್ಟಿನ್‌ನಲ್ಲಿ ಒಂದು ದೊಡ್ಡ ಪಾತ್ರೆ ಕೊಳ್ಳುವುದು, ಅದನ್ನು ಹ್ಯೂಸ್ಟನ್ ಪಕ್ಕದ ಫುಲ್‌ಶೀರ್‌ನಲ್ಲಿರುವ ಶಾಂತಕ್ಕನಿಗೆ ಮುಟ್ಟಿಸುವುದು, ಭಾನುವಾರ ವಾಪಸಾಗುವುದು, ಇಷ್ಟೇ ಯೋಜನೆ.

"ಒಂದು ಪಾತ್ರೆಗೆ ಆರುನೂರು ಮೈಲಿನಾ? ಆರ್ಡರ್ ಮಾಡಿದ್ರೆ ಅವರ ಬಾಗಿಲಿಗೇ ಬರುತ್ತಲ್ರೀ" ಎಂದಳು ಹೆಂಡತಿ. ಕೈಯಲ್ಲಿ ಹಿಡಿದು ನೋಡದೆ ಪಾತ್ರೆ ಕೊಳ್ಳಬಾರದು ಎಂದೆ. ನಾನು ಎರಡು ವಾರ ಒಂದೇ ಕಡೆ ಕೂರಲಾರದವನೆಂದು ಅವಳಿಗೆ ಗೊತ್ತು. ವಾದ ಬೆಳೆಸದೆ ಚಪಾತಿ, ಆಲೂಗೆಡ್ಡೆ ಪಲ್ಯ ಕಟ್ಟಿಕೊಟ್ಟಳು.

ಶಾಂತಕ್ಕ ಧಾರವಾಡದವರು. ನಾನು ಆಸ್ಟಿನ್‌ನಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದಾಗ ಅವರೂ ಅವರ ಯಜಮಾನರಾದ ಗುರುನಾಥರಾಯರೂ ಅದೇ ಊರಿನಲ್ಲಿದ್ದರು. ಮಾಂಸ ತಿನ್ನದ, ಅಡುಗೆಯೂ ಬಾರದ ಮೈಸೂರಿನ ಹುಡುಗನೊಬ್ಬ ಬರೀ ಬ್ರೆಡ್ಡಿನಲ್ಲಿ ದಿನ ತಳ್ಳುತ್ತಿದ್ದಾನೆಂದು ತಿಳಿದು ಶನಿವಾರದ ಊಟಕ್ಕೆ ಕರೆಯತೊಡಗಿದರು. ಅಂಗಡಿಯ ಚೀಸ್ ಆ ಮನೆಯೊಳಗೆ ಬರುತ್ತಿರಲಿಲ್ಲ. ಅದಕ್ಕೆ ಹಾಲು ಗಟ್ಟಿಯಾಗಲೆಂದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆಂಬ ಕಾರಣಕ್ಕೆ, ಗಿಡಮೂಲದ ರೆನೆಟ್ ತರಿಸಿ ಮನೆಯಲ್ಲೇ ಮಾಡುತ್ತಿದ್ದರು. ಅಲ್ಲಿ ನನ್ನ ಸೊಂಟದೆತ್ತರದ ಒಂದು ಪಾತ್ರೆ ಇತ್ತೆಂದೂ, ಅದರ ಮುಂದೆ ಸೌಟು ಹಿಡಿದು ಶಾಂತಕ್ಕ ನಿಂತಿರುತ್ತಿದ್ದರೆಂದೂ ನನ್ನ ನೆನಪು. ಸೊಂಟದೆತ್ತರದ ಪಾತ್ರೆಯನ್ನು ಬಾಡಿಗೆ ಮನೆಯ ಒಲೆಯ ಮೇಲೆ ಇಡುವುದು ಸಾಧ್ಯವಿಲ್ಲ. ಹಾಗಾಗಿ ನೆನಪಿನ ಉಳಿದ ಭಾಗವನ್ನೂ ನಾನು ಪೂರ್ತಿ ನಂಬುವುದಿಲ್ಲ. ಹೊಟ್ಟೆ ತುಂಬುತ್ತಿತ್ತು ಎಂಬುದೊಂದನ್ನು ಬಿಟ್ಟು.

ರಾಯರು ತೀರಿಕೊಂಡ ಮೇಲೆ ಶಾಂತಕ್ಕ ಮಗಳು ವಿದ್ಯಾಳ ಜೊತೆ ಇದ್ದಾರೆ. ಬೇಸಿಗೆಯಲ್ಲಿ ಒಂದು ದಿನ ಚೀಸ್ ತೆಗೆದು ಉಳಿದ ಹಾಲಿನ ನೀರನ್ನು ಕುದಿಸಿ ಇಳಿಸುವಾಗ ಹಳೆಯ ಪಾತ್ರೆ ವಾಲಿ ಅವರ ಎಡಗಾಲು ಸುಟ್ಟಿತು. ವಿದ್ಯಾ ಪಾತ್ರೆಯನ್ನು ಗ್ಯಾರೇಜಿಗೆ ಹಾಕಿದಳು. ಶಾಂತಕ್ಕ ನನಗೆ ಫೋನ್ ಮಾಡಿ, "ಮೂರ್ತಿ, ಸಿಂಕಿನಾಗ ಕೂಡೋ ಅಂಥ ಪಾತ್ರಿ ಒಂದು ಹುಡುಕಪಾ. ಸುತ್ತ ಬಿಸಿನೀರು ಬಿಟ್ಟು ಅಲ್ಲೇ ಹಾಲು ಬೆಚ್ಚಗ ಮಾಡ್ತೀನಿ. ಒಲಿ ಮ್ಯಾಲಿಂದ ಇಳಸೋ ಕೆಲಸನ ಇರಬಾರ್ದು" ಎಂದರು. ಮರುದಿನ ವಿದ್ಯಾಳ ಫೋನ್: "ಅಂಕಲ್, ಒಂದೇ ಒಂದ್ಸಲ. ಅಮ್ಮ ಸೇಫ್ ಆಗಿ ಮಾಡ್ತಾರೆ ಅನ್ನಿಸಿದ್ರೆ ಓಕೆ. ಇಲ್ಲಾಂದ್ರೆ ಪಾತ್ರೆ ಸಮೇತ ಎಲ್ಲಾ ಗ್ಯಾರೇಜ್ ಸೇಲ್‌ನಲ್ಲಿ ಮಾರಿಬಿಡ್ತೀನಿ. ಐ ಮೀನ್ ಇಟ್." ನೌಕರಿ ಬಿಟ್ಟಮೇಲೂ, ಗಂಡ ಹೋದಮೇಲೂ ಶಾಂತಕ್ಕ ಕೈಬಿಡದೆ ಉಳಿಸಿಕೊಂಡಿದ್ದ ಕೆಲಸ ಈ ಚೀಸ್ ಮಾಡುವುದು. ಈಗ ಒಂದು ಪಾತ್ರೆಯ ಅಳತೆಯ ಮೇಲೆ ನಿಂತಿತ್ತು.

ಪಕ್ಕದ ಊರು ಫಾರ್ಮರ್ಸ್ ಬ್ರಾಂಚ್ ದಾಟುವಷ್ಟರಲ್ಲೇ ಟ್ರಾಫಿಕ್‌ನಲ್ಲಿ ಒಂದು ಗಂಟೆ ಹೋಯಿತು. ಆಮೇಲೆ ರಸ್ತೆ ಬಿಡುವಾಯಿತು. ಅಕ್ಟೋಬರಾದರೂ ಏಸಿ ಇಲ್ಲದೆ ಕೂರುವಂತಿರಲಿಲ್ಲ. ವೇಕೋ ಆಚೆಯ ವಿಶ್ರಾಂತಿ ತಾಣದಲ್ಲಿ ಚಪಾತಿ ತಿಂದು, ಮಧ್ಯಾಹ್ನದ ಹೊತ್ತಿಗೆ ಆಸ್ಟಿನ್‌ನ ಉತ್ತರ ಭಾಗದಲ್ಲಿರುವ ಗೆಳೆಯ ರಘುವಿನ ಮನೆ ಸೇರಿದೆ. ಅವನು ನನ್ನ ಹಳೆಯ ಸಹಪಾಠಿ. ಮನೆಯಲ್ಲಿ ಬಿಯರ್ ಮಾಡುವ ಹವ್ಯಾಸವಿದೆ. ದೊಡ್ಡ ಪಾತ್ರೆಗಳ ವಿಷಯದಲ್ಲಿ ತಾನೇ ಕೊನೆಯ ಮಾತು ಎಂದು ತಿಳಿದಿದ್ದಾನೆ.

ಹೋಟೆಲುಗಳಿಗೆ ಸಾಮಾನು ಮಾರುವ ಅಂಗಡಿಗೆ ಕರೆದುಕೊಂಡು ಹೋದ. ಗೋಡೆಯುದ್ದಕ್ಕೂ ಪಾತ್ರೆಗಳು. ಅಗ್ಗದವು ಅಲ್ಯೂಮಿನಿಯಂ. ಹುಳಿಯಾದ ಹಾಲಿನ ನೀರು ಅದನ್ನು ತಿನ್ನುತ್ತದೆಂದು ಅವನ್ನು ಬಿಟ್ಟೆವು. ರಘು ಕೆಳಗೆ ನಲ್ಲಿಯಿದ್ದ ಸ್ಟೀಲ್ ಪಾತ್ರೆಯೊಂದನ್ನು ತಟ್ಟಿದ.

"ಇದನ್ನ ತಗೊಳೋ. ನಲ್ಲಿ ತಿರುಗಿಸಿದ್ರೆ ನೀರು ಹೋಗುತ್ತೆ, ಎತ್ತೋದೇ ಬೇಡ."

"ಬಿಯರ್‌ಗೆ ಸರಿ. ಹಾಲಿನ ಗಟ್ಟಿ ಹೋಗಿ ನಲ್ಲಿಯೊಳಗೆ ಕೂತರೆ ತೊಳೆಯೋರು ಯಾರು?"

"ಸರಿ ಸ್ವಾಮಿ. ಸಿಂಕ್ ಎಷ್ಟು ಅಗಲ?"

ಅಗಲ ಹದಿನಾರು ಇಂಚು ಎಂಬುದು ಖಚಿತವಾಗಿತ್ತು. ಆಳ? ವಿದ್ಯಾ ಹೇಳಿದ್ದು ಒಂಬತ್ತೋ, ಹನ್ನೊಂದೋ? ಬರೆದಿಟ್ಟುಕೊಳ್ಳುವ ಅಗತ್ಯವಿಲ್ಲ ಎಂದುಕೊಂಡಿದ್ದೂ ನೆನಪಿತ್ತು, ಸಂಖ್ಯೆ ಮಾತ್ರ ಇರಲಿಲ್ಲ. ಫೋನ್ ಮಾಡಿದೆ, ಅವಳು ಹಲ್ಲಿನ ಡಾಕ್ಟರು, ಯಾರದೋ ಬಾಯಿಯೊಳಗೆ ಕೈಯಿಟ್ಟಿದ್ದಳು, ಎತ್ತಲಿಲ್ಲ.

"ಡಾಕ್ಟರೇಟ್ ಮಾಡಿರೋದು ನಂಬರ್‌ನಲ್ಲೇ, ಅಲ್ವೇನೋ?" ಎಂದ ರಘು.

ಇಪ್ಪತ್ತಮೂರು ಲೀಟರು ಹಿಡಿಯುವ ಎರಡು ಪಾತ್ರೆಗಳನ್ನು ನೆಲದ ಮೇಲೆ ಜೋಡಿಸಿ ನೋಡಿದೆವು. ಒಂದು ಅಗಲ, ಗಿಡ್ಡ. ಅದರ ಹಿಡಿಗಳು ನಡುವಿನಲ್ಲಿದ್ದವು. ಪಾತ್ರೆಯ ಅಗಲವಷ್ಟೇ ಹದಿನಾಲ್ಕು ಇಂಚು, ಹಿಡಿ ಸೇರಿಸಿದರೆ ಹದಿನೆಂಟು. ಅದು ಸಿಂಕಿನಲ್ಲಿ ಇಳಿಯುವಂತೆಯೇ ಇರಲಿಲ್ಲ. ಇನ್ನೊಂದು ಎತ್ತರದ್ದು, ಹಿಡಿಗಳು ಬಾಯಿಯ ಹತ್ತಿರ. ಸಿಂಕ್ ಒಂಬತ್ತಿಂಚು ಆಳವಿರಲಿ, ಹನ್ನೊಂದಿರಲಿ, ಹಿಡಿ ಅಂಚಿನ ಮೇಲೆಯೇ ಉಳಿಯುತ್ತಿತ್ತು. ನನ್ನ ನೆನಪನ್ನು ಕೇಳುವ ಅಗತ್ಯವೇ ಬೀಳದ ಪಾತ್ರೆ ಅದು. ತಳ ದಪ್ಪವಾಗಿತ್ತು. ಹಿಡಿಗಳಿಗೆ ರಿವೆಟ್ ಹೊಡೆದಿದ್ದರು. ರಿವೆಟ್ಟಿನ ಸುತ್ತ ಹಾಲು ಅಂಟುತ್ತದೆ, ಬ್ರಷ್ ಹಾಕಿ ತಿಕ್ಕಬೇಕು. ಆದರೆ ಬರೀ ಬೆಸುಗೆಯ ಹಿಡಿಗಿಂತ ಅದರ ಮೇಲೆ ನನಗೆ ಹೆಚ್ಚು ಭರವಸೆ. ಎಂಬತ್ತು ಡಾಲರ್ ಕೊಟ್ಟು ತಂದೆ. ಆ ರಾತ್ರಿ ರಘುವಿನ ಮನೆಯಲ್ಲಿ ಬಿಸಿಬೇಳೆಬಾತ್ ಆಯಿತು. ಅವನ ಸಲಹೆಗಳೂ ಆದವು.

ಶುಕ್ರವಾರ ಹೈವೇ ಎಪ್ಪತ್ತೊಂದು ಹಿಡಿದು ಪೂರ್ವಕ್ಕೆ ಹೊರಟೆ. ಹಿಂದೆ ಪಾತ್ರೆ ಪ್ರತಿ ತಿರುವಿನಲ್ಲೂ ಉರುಳಿ ಗಂಟೆ ಬಾರಿಸುತ್ತಿತ್ತು. ಬ್ಯಾಸ್ಟ್ರಾಪ್‌ನಲ್ಲಿ ನಿಲ್ಲಿಸಿ ಅದಕ್ಕೆ ಸೀಟ್ ಬೆಲ್ಟ್ ಹಾಕಿದೆ. ಮೂರು ಗಂಟೆಯೊಳಗೆ ಫುಲ್‌ಶೀರ್. ಇನ್ನೂ ಮರ ಬೆಳೆಯದ ಹೊಸ ಬಡಾವಣೆ, ಒಂದೇ ಬಣ್ಣದ ಇಟ್ಟಿಗೆಯ ಮನೆಗಳು. ಯಾವುದು ಶಾಂತಕ್ಕನದೆಂದು ಬಾಗಿಲ ಮುಂದಿನ ರಂಗೋಲಿ ತಿಳಿಸಿತು.

"ಬಾರೋ ಮೂರ್ತಿ. ಎಷ್ಟು ಸೊರಗೀ!" ಎಂದರು. ನಾನು ಸೊರಗಿರಲಿಲ್ಲ. ಅವರು ತುಸು ಕುಂಟುತ್ತಿದ್ದರು. ಮೊದಲು ಪಾತ್ರೆಯನ್ನು ಸಿಂಕಿಗೆ ಇಳಿಸಿ ನೋಡಿದರು. ಹಿಡಿಗಳು ಅಂಚಿನ ಮೇಲೆ ನಿಂತವು. ಸುತ್ತ ಬಿಸಿನೀರಿಗೆ ಬೇಕಾದಷ್ಟು ಜಾಗ. ಬೆರಳಿನಿಂದ ಒಳಗೆಲ್ಲ ಸವರಿ, "ಭಾಳ ಚಲೋ ಅದ" ಎಂದರು. ಸಂಜೆ ವಿದ್ಯಾ ಪಕ್ಕದ ಊರು ಕೇಟಿಯಿಂದ ನಾಲ್ಕು ಗ್ಯಾಲನ್, ಅಂದರೆ ಸುಮಾರು ಹದಿನೈದು ಲೀಟರು, ಹಾಲು ತಂದಳು. ಅವಳ ಗಂಡ ಆ ವಾರ ಕೆಲಸದ ಮೇಲೆ ಬೇರೆ ಊರಿನಲ್ಲಿದ್ದ. ನಾನು ಪಾತ್ರೆ ತೊಳೆದು, ಒರೆಸಿ, ಬೇರೆ ಜಾಗವಿಲ್ಲದೆ ಒಲೆಯ ಮೇಲಿಟ್ಟೆ.

ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ. ಬಹಳ ವರ್ಷಗಳಿಂದ ಹೇಳಬೇಕೆಂದುಕೊಂಡಿದ್ದನ್ನು ಆಗ ಹೇಳಿದೆ: "ಶಾಂತಕ್ಕ, ಆ ದಿನಗಳಲ್ಲಿ ನೀವು ಮಾಡಿದ ಚೀಸ್ ತಿಂದೇ ನಾನು ಉಳಿದುಕೊಂಡೆ."

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನಕ್ಕರು. "ನಾ ಎಲ್ಲಿ ಮಾಡ್ತಿದ್ದೆನೋ? ಆಗ ಅವರು ಮಾಡ್ತಿದ್ರು, ಅವರು ಹೋದ ಮ್ಯಾಲೆ ನಾ ಹಿಡಕೊಂಡೆ. ನಾ ಅಡಗಿ ಮಾಡ್ತಿದ್ದೆ. ಪಾತ್ರಿ ಇಳಸೋ ಮುಂದ ಅಷ್ಟ ಕರೀತಿದ್ರು, ಆ ಕಡೆ ಹಿಡಿ ಹಿಡಿಯಾಕ. ಮತ್ತ ನೀ ಮೊದಲನೇ ಸಲ ತಿಂದಿದ್ದೇ ಇಲ್ಲ. ಕಾಲುಚೀಲದ ವಾಸನಿ ಬರತದ ಅಂದಿದ್ದಿ."

"ಕಾಲುಚೀಲನಾ? ಅಂಕಲ್!" ಎಂದು ವಿದ್ಯಾ ಮೇಜು ಬಡಿದು ನಕ್ಕಳು.

ಸೌಟು ಹಿಡಿದ ಶಾಂತಕ್ಕನ ಚಿತ್ರವನ್ನು ಯಾವಾಗ, ಹೇಗೆ ಕಟ್ಟಿಕೊಂಡೆನೋ ತಿಳಿಯದು. ರಾಯರು ನನ್ನ ಪಾಲಿಗೆ ಸೋಫಾದ ಮೇಲೆ ಪೇಪರ್ ಓದುವವರಾಗಿ ಉಳಿದಿದ್ದರು. ಅವರಿಗೆ ಹೇಳಬೇಕಾದ ಕೃತಜ್ಞತೆಯನ್ನು ಈಗ ಶಾಂತಕ್ಕನಿಗೇ ಇನ್ನೊಮ್ಮೆ ಹೇಳಿದೆ. "ಇರಲಿ, ನಾನೂ ಅರ್ಧ ಎತ್ತೀನಲ್ಲ" ಎಂದು ತಟ್ಟೆಗೆ ಮತ್ತೊಂದು ರೊಟ್ಟಿ ಹಾಕಿದರು.

ಶನಿವಾರ ಬೆಳಿಗ್ಗೆ ನಾನು ಬಡಾವಣೆಯ ಕೆರೆಯ ಸುತ್ತ ನಡೆದು ಬಂದೆ. ಬಾಗಿಲು ತೆಗೆಯುತ್ತಲೇ ಕಾದ ಹಾಲಿನ ಘಮ. ಅಡುಗೆಮನೆಯಲ್ಲಿ ವಿದ್ಯಾ ಹೊಸ ಪಾತ್ರೆಗೆ ನಾಲ್ಕೂ ಗ್ಯಾಲನ್ ಸುರಿದು ಒಲೆ ಹಚ್ಚಿದ್ದಳು. ಹಾಲು ಉಬ್ಬಿ ಅಂಚಿನವರೆಗೆ ಬಂದಿತ್ತು.

ಪೂಜೆ ಮುಗಿಸಿ ಬಂದ ಶಾಂತಕ್ಕ ಕುಂಟುತ್ತಲೇ ಓಡಿ ಒಲೆ ಆರಿಸಿದರು. "ಏನ ಮಾಡ್ದೀ ವಿದ್ಯಾ! ಕುದಿಸಿದ ಹಾಲು ರೆನೆಟ್ಟಿಗೆ ಗಟ್ಟಿ ಆಗಂಗಿಲ್ಲ!"

"ಹಾಲು ಅಂದ್ರೆ ಮೊದ್ಲು ಕಾಯಿಸ್ಬೇಕು ಅಂತ ನೀನೇ ಅಲ್ವಾ ಕಲಿಸಿದ್ದು? ಎವ್ರಿ ಸಿಂಗಲ್ ಡೇ! ನಿಂಗೆ ಒಲೆ ಹತ್ರ ನಿಲ್ಲೋ ಕೆಲಸ ತಪ್ಪುತ್ತೆ ಅಂದ್ಕೊಂಡೆ" ಎಂದಳು. ಅವಳ ಮುಖ ಕೆಂಪಾಗಿತ್ತು.

ಅವಳನ್ನು ಬೈಯುವುದು ಹೇಗೆ? ಪ್ಯಾಕೆಟ್ ಹಾಲನ್ನೂ ಕಾಯಿಸದೆ ಕುಡಿಯದ ಮನೆಯ ಮಗಳು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಪಾತ್ರೆ ಇಳಿಸಲೆಂದು ಅವಳು ಎರಡು ಬಟ್ಟೆ ತೆಗೆದುಕೊಂಡು ಹಿಡಿಗಳತ್ತ ಕೈ ಚಾಚಿದಳು.

"ಮುಟ್ಟಬ್ಯಾಡ!" ಶಾಂತಕ್ಕನ ದನಿಗೆ ನಾನೂ ಬೆಚ್ಚಿದೆ. ಸಹಾಯಕ್ಕೆಂದು ನಾನು ಒಂದು ಹೆಜ್ಜೆ ಇಟ್ಟಿದ್ದೆ. "ನೀನೂ ಮುಟ್ಟಬ್ಯಾಡೋ. ತುಂಬಿದ ಪಾತ್ರಿ ಇದ್ದಲ್ಲೇ ಇರಬೇಕು."

ಒಲೆಯ ಮೇಲಿದ್ದಂತೆಯೇ ನಿಂಬೆರಸ ಹಿಂಡಿ ಹಾಲನ್ನು ಒಡೆಸಿದರು. ಕುರ್ಚಿ ಎಳೆದು ಕೂತು ಅದು ಆರುವವರೆಗೆ ಕಾದರು. ಆಮೇಲೆ ಉದ್ದ ಸೌಟಿನಿಂದ ಗಟ್ಟಿಯನ್ನು ಬಟ್ಟೆ ಹಾಸಿದ ಜರಡಿಗೆ ತೆಗೆದರು, ನೀರನ್ನು ಚೊಂಬಿನಿಂದ ಮೊಗೆದು ಬೇರೆ ಬೇರೆ ಸಣ್ಣ ಪಾತ್ರೆಗಳಿಗೆ. ಒಂದು ಸೌಟಿನ ಮೇಲೆ ಒಂದು, ಅವಸರವಿಲ್ಲದೆ. ತಳ ಕಾಣುವ ಹೊತ್ತಿಗೆ ಪಾತ್ರೆ ಹಗುರಾಗಿತ್ತು. ನೆಲದ ಮೇಲೆ ಒಂದು ಹನಿ ಇರಲಿಲ್ಲ.

ಅಷ್ಟೂ ಹೊತ್ತು ವಿದ್ಯಾ ನಿಂತೇ ನೋಡಿದಳು. ಕೊನೆಗೆ, "ಅಮ್ಮ, ಇಷ್ಟೆಲ್ಲ ಗೊತ್ತಿದ್ದೂ ಅವತ್ತು ಯಾಕೆ ಎತ್ತಿದೆ?" ಎಂದಳು.

ಶಾಂತಕ್ಕ ಸೌಟು ತೊಳೆಯುತ್ತಿದ್ದರು. "ಯಾವಾಗಲೂ ಎತ್ತಿದಂಗ ಎತ್ತಿದೆ, ನನ್ನ ಕಡಿಂದ. ಆ ಕಡೆ ಅವರು ಇಲ್ಲಂಬೋದು ಪಾತ್ರಿ ವಾಲಿದ ಮ್ಯಾಲೆ ತಿಳೀತು."

ನಲ್ಲಿ ನಿಂತಿತು. ವಿದ್ಯಾ ಅಮ್ಮನ ಕೈಯಿಂದ ಸೌಟು ತೆಗೆದುಕೊಂಡು ಒರೆಸಿ ಇಟ್ಟಳು, ಆಮೇಲೆ ಕಾರಿನ ಕೀಲಿ ಹುಡುಕಿದಳು. "ಹಾಲು ತರ್ತೀನಿ. ನಾಲ್ಕೇ ಗ್ಯಾಲನ್ ಸಾಕಾ? ಈ ಸಲ ಕಾಯಿಸಲ್ಲ, ಪ್ರಾಮಿಸ್." ನನ್ನ ಕಡೆ ತಿರುಗಿ, "ಅಂಕಲ್, ಗ್ಯಾರೇಜ್ ಸೇಲ್ ಕ್ಯಾನ್ಸಲ್" ಎಂದಳು.

ಮಧ್ಯಾಹ್ನ ಆ ಪನೀರಿನಲ್ಲಿ ಪಲ್ಯವಾಯಿತು. ಮೂವರಿಗೆ ಮುಗಿಸಲಾಗದಷ್ಟಿತ್ತು. ಅಕ್ಕಪಕ್ಕದ ಮೂರು ಮನೆಗಳಿಗೆ ಹಂಚಲು ನಾನೇ ಡಬ್ಬಿ ಹಿಡಿದು ಹೋದೆ. ದೇಶ ಬಿಟ್ಟು ಬಂದವನಿಗೆ ಅನ್ನ ಹಾಕಿದ ಮನೆಯ ಪರವಾಗಿ ಬೇರೆಯವರ ಬಾಗಿಲು ತಟ್ಟುವುದು ನನಗೆ ಬಹಳ ಇಷ್ಟವಾಯಿತು.

ಭಾನುವಾರ ಬೇಗ ಹೊರಡಬೇಕಿತ್ತು. ಡಾಲಸ್ ಐದು ಗಂಟೆಯ ದಾರಿ, ಮಳೆಯ ಮುನ್ಸೂಚನೆಯೂ ಇತ್ತು. ನಾನು ಚೀಲ ಕಟ್ಟಿಕೊಂಡು ಬಂದಾಗ ಪಾತ್ರೆ ಸಿಂಕಿನಲ್ಲಿ ಬಿಸಿನೀರಿನ ನಡುವೆ ಕೂತಿತ್ತು. ಹಾಲನ್ನು ಅಲ್ಲೇ ಸುರಿದು, ಉಗುರುಬೆಚ್ಚಗಾದ ಮೇಲೆ ಹೆಪ್ಪು, ಆಮೇಲೆ ರೆನೆಟ್ ಹಾಕಿದ್ದರು. ವಿದ್ಯಾ ಥರ್ಮಾಮೀಟರ್ ಹಿಡಿದಿದ್ದಳು. ಶಾಂತಕ್ಕ ಚಾಕುವಿನ ತುದಿಯನ್ನು ಓರೆಯಾಗಿ ಇಳಿಸಿ ಮೇಲೆತ್ತಿದರು. ಬಿಳಿ ಗಟ್ಟಿ ನಯವಾಗಿ ಸೀಳಿತು. ಸೀಳಿನೊಳಗೆ ತಿಳಿನೀರು ಹೊಳೆಯಿತು.

"ಬರ್ತೀನಿ ಶಾಂತಕ್ಕ."

ತಲೆ ಎತ್ತಲಿಲ್ಲ. "ಹೂಂ, ಹೋಗಿ ಬಾ. ಈಗ ಕೊಯ್ಯಬೇಕು, ತಡ ಆದ್ರ ಕೆಡ್ತದ. ಫ್ರಿಜ್ಜಿನಾಗ ಪನೀರ್ ಡಬ್ಬಿ ಅದ, ನೀನ ತಗೋ. ವಿದ್ಯಾ, ನೀರು ಎಷ್ಟು ಬಿಸಿ ಅದ ನೋಡು."

"ತೊಂಬತ್ತು. ಬೈ ಅಂಕಲ್! ಡ್ರೈವ್ ಸೇಫ್!" ಅವಳ ಕಣ್ಣೂ ಥರ್ಮಾಮೀಟರಿನ ಫ್ಯಾರನ್‌ಹೀಟ್ ಮುಳ್ಳಿನ ಮೇಲೆಯೇ.

ನಮ್ಮವರ ಮನೆಯಿಂದ ಹೊರಡುವುದೆಂದರೆ ಅರ್ಧ ಗಂಟೆಯ ಕೆಲಸ. ಬಾಗಿಲಲ್ಲಿ ಒಂದು ಸುತ್ತು ಮಾತು, ಕಾರಿನ ಕಿಟಕಿಯಲ್ಲಿ ಇನ್ನೊಂದು ಸುತ್ತು, ತಿರುವು ದಾಟುವ ತನಕ ಕೈ ಬೀಸುವವರು. ಅಂದು ಡಬ್ಬಿ ನಾನೇ ತೆಗೆದುಕೊಂಡೆ, ಚಪ್ಪಲಿ ಹಾಕಿಕೊಂಡು ಬಾಗಿಲು ನಾನೇ ಎಳೆದುಕೊಂಡೆ. ಕಾರು ಹಿಂದೆ ತೆಗೆಯುವಾಗ ಅಡುಗೆಮನೆಯ ಕಿಟಕಿ ಕಾಣಿಸಿತು. ಎರಡು ತಲೆಗಳು ಸಿಂಕಿನ ಮೇಲೆ ಬಾಗಿದ್ದವು, ಒಂದು ಬೆಳ್ಳಗೆ, ಒಂದು ಕಪ್ಪಗೆ. ಸ್ವಲ್ಪ ಹೊತ್ತು ಕಾರು ನಿಲ್ಲಿಸಿಕೊಂಡು ನೋಡಿದೆ. ನನ್ನನ್ನು ಕಳಿಸಿಕೊಡಲು ಯಾರೂ ಹೊರಗೆ ಬರಲಿಲ್ಲ.